ಕೇಳಲು ಕೊಟ್ಟ ಕಾಸು

ಮನೆಯಲ್ಲಿ ಕುಳಿತು ಹಾಡು ಕೇಳುವ ಯಂತ್ರಕ್ಕೆ ಒಂದು ಮನೆಯ ಬೆಲೆಯನ್ನೇ ಕೊಡುವವರು ಈಗ ಲೋಕದಲ್ಲಿದ್ದಾರೆ. ಕೊಳ್ಳುವವರ ಮಾತು ಬಿಡೋಣ. ಹಣ ಅವರದು, ಕಿವಿಯೂ ಅವರದೇ. ನನಗೆ ಕುತೂಹಲ ಹುಟ್ಟಿಸಿದವರು ಇನ್ನೊಂದು ಬಗೆಯವರು. ಅಂಥ ಯಂತ್ರವನ್ನು ಕೊಳ್ಳುವ ಶಕ್ತಿಯಿಲ್ಲದಿದ್ದರೂ ಅದನ್ನು ಒಂದು ಗಂಟೆಯ ಕಾಲ ಕೇಳಿ ಬರುವುದಕ್ಕಾಗಿಯೇ ಟಿಕೆಟು ತೆಗೆಯುವವರು ಇವರು. ಭೌತಶಾಸ್ತ್ರ ಹೇಳುವ ನನ್ನ ಸಹೋದ್ಯೋಗಿಯೊಬ್ಬರು ಹೊರದೇಶಕ್ಕೆ ಹೋಗಿದ್ದಾಗ ಹೀಗೆ ದುಡ್ಡು ತೆತ್ತು ಕೇಳಿ ಬಂದರು. ಹೇಗಿತ್ತೆಂದು ವಿಚಾರಿಸಿದೆ. "ಚೆನ್ನಾಗಿತ್ತು ಸ್ವಾಮಿ. ಆದರೆ ಆ ದುಡ್ಡಿಗೆ ಮುಂದಿನ ಸಾಲಿನಲ್ಲಿ ಕುಳಿತು ಒಂದು ಒಳ್ಳೆಯ ಕಚೇರಿಯನ್ನೇ ಕೇಳಬಹುದಾಗಿತ್ತು" ಎಂದರು.

ಆ ಮಾತಿನಲ್ಲಿ ಬರಿಯ ಜಿಪುಣತನವಿಲ್ಲವೆಂದು ನನಗೆ ತೋರಿತು. ಕೇಳುವವನು ಕೊಡುವ ಹಣ ಎಲ್ಲಿಗೆ ಹೋಗಿ ಸೇರಬೇಕು, ಹಾಡಿದವನಿಗೋ, ಹಾಡನ್ನು ಹಿಡಿದಿಟ್ಟ ಪೆಟ್ಟಿಗೆಗೋ? ಕಾವ್ಯವನ್ನು ಕಣ್ಣಿನಿಂದ ಓದುವುದಕ್ಕಿಂತ ಮೊದಲು ಗಮಕಿಗಳ ಬಾಯಿಂದ ಕೇಳಿ ಬೆಳೆದ ಭಾಷೆ ನಮ್ಮದು. ಕೇಳಿದವರು ಗಮಕಿಗಳಿಗೆ ತಾಂಬೂಲ ದಕ್ಷಿಣೆ ಕೊಟ್ಟು ಕೈಮುಗಿದರೇ ಹೊರತು, ಅವರು ಕುಳಿತ ವ್ಯಾಸಪೀಠಕ್ಕೆ ಯಾರೂ ದಕ್ಷಿಣೆ ಕೊಡಲಿಲ್ಲ. ಆದ್ದರಿಂದ ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಯಾರೂ ಕೇಳಲಾರರೆಂಬ ಧೈರ್ಯದಿಂದ ಹಳೆಯ ಸಂಗತಿಗಳನ್ನು ಕೆದಕತೊಡಗಿದೆ. ಯಂತ್ರದ ದನಿಯನ್ನು ಕಾಸು ಕೊಟ್ಟು ಕೇಳುವ ಪದ್ಧತಿ ಹೊಸದಲ್ಲವೆಂದು ಕಂಡಿತು. ಆ ಯಂತ್ರ ಮನೆಮನೆಗೆ ಬರುವುದಕ್ಕೆ ಎಷ್ಟೋ ಮೊದಲೇ ಅದು ಪ್ರಾರಂಭವಾಗಿತ್ತು.

ಎಡಿಸನ್ ತನ್ನ ಮಾತನಾಡುವ ಯಂತ್ರವನ್ನು ತೋರಿಸಿದುದು 1877ರ ಡಿಸೆಂಬರಿನಲ್ಲಿ. ಮರುವರ್ಷವೇ ಅದಕ್ಕಾಗಿ ಒಂದು ಕಂಪೆನಿ ಹುಟ್ಟಿತು. ಅದರ ಮುಖ್ಯ ವ್ಯಾಪಾರ ಯಂತ್ರವನ್ನು ಮಾರುವುದಲ್ಲ, ಪ್ರದರ್ಶಿಸುವುದು. ಉಪನ್ಯಾಸಕರು ಅದನ್ನು ಹೊತ್ತುಕೊಂಡು ಅಮೆರಿಕದ ಊರೂರಿಗೆ ಹೋಗಿ, ಸಭಾಭವನಗಳಲ್ಲಿ ಪ್ರವೇಶದ ಹಣ ಪಡೆದು ಆಡಿಸಿದರು. ಉರುಳೆಯೊಂದಕ್ಕೆ ತವರದ ತೆಳು ಹಾಳೆಯನ್ನು ಸುತ್ತಿರುತ್ತಿತ್ತು. ಯಾರಾದರೊಬ್ಬರು ಮುಂದೆ ಬಂದು ಕೂಗಬೇಕು, ನಗಬೇಕು, ಕೆಮ್ಮಬೇಕು. ಯಂತ್ರ ಅದನ್ನು ಮರಳಿ ಒಪ್ಪಿಸಬೇಕು. ಕೆಲವೇ ಸಲ ಆಡಿಸುವುದರೊಳಗೆ ಹಾಳೆ ಸವೆದುಹೋಗುತ್ತಿತ್ತು. ಆಟ ಮುಗಿದ ಮೇಲೆ ಅದನ್ನು ಹರಿದು ಚೂರುಗಳನ್ನು ಸಭಿಕರಿಗೆ ಹಂಚುತ್ತಿದ್ದರು. ಆ ಚೂರಿನಿಂದ ಇನ್ನೇನನ್ನೂ ಕೇಳುವಂತಿರಲಿಲ್ಲ. ಆದರೂ ಜನ ಅದನ್ನು ಪ್ರಸಾದದಂತೆ ಮನೆಗೆ ಒಯ್ದರು. ಅವರು ಹಣ ಕೊಟ್ಟುದು ವಿಸ್ಮಯಕ್ಕೆ. ವಿಸ್ಮಯಕ್ಕೆ ಆಯುಸ್ಸು ಕಡಮೆ; ಸ್ವಲ್ಪ ಕಾಲದಲ್ಲಿಯೇ ಗುಂಪು ಕರಗಿತು.

ಯಂತ್ರ ಸುಧಾರಿಸಿಕೊಂಡು ಮತ್ತೆ ಬಂದಾಗ ಮತ್ತೆ ಕಾಸು ಕೇಳಿತು. 1889ರ ನವೆಂಬರ್ 23ರಂದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪಾನಗೃಹದಲ್ಲಿ ಲೂಯಿ ಗ್ಲಾಸ್ ಎಂಬಾತ ನಿಕ್ಕಲ್ ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆಯೊಂದನ್ನು ಇಟ್ಟ. ಒಂದು ಪೆಟ್ಟಿಗೆಗೆ ನಾಲ್ಕು ಕಿವಿಗೊಳವೆಗಳು. ಒಂದೇ ಹಾಡನ್ನು ನಾಲ್ವರು ಒಟ್ಟಿಗೆ ಕೇಳಬಹುದು, ಆದರೆ ನಾಲ್ವರೂ ಬೇರೆಬೇರೆಯಾಗಿ ನಾಣ್ಯ ಹಾಕಬೇಕು. ವ್ಯಾಪಾರದ ಬುದ್ಧಿಗೆ ತಲೆದೂಗಬೇಕು. ಸಂಗೀತದ ವಿಷಯದಲ್ಲಿ ಹೇಳಬೇಕಾದುದೇನೂ ಇಲ್ಲ.

ಪ್ಯಾರಿಸಿನ ಕಥೆ ಇದಕ್ಕಿಂತ ರಸವತ್ತಾದುದು. 1881ರಲ್ಲಿ ಅಲ್ಲಿ ವಿದ್ಯುತ್ತಿನ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಕ್ಲೆಮಾಂ ಅದೇರ್ ಎಂಬ ಯಂತ್ರವಿಶಾರದ ಒಪೆರಾ ರಂಗಮಂದಿರದ ವೇದಿಕೆಯ ಅಂಚಿನಲ್ಲಿ ಟೆಲಿಫೋನಿನ ಧ್ವನಿಗ್ರಾಹಕಗಳನ್ನು ಸಾಲಾಗಿ ಇಟ್ಟು, ಊರಿನ ಒಳಚರಂಡಿಗಳ ಮೂಲಕ ತಂತಿ ಎಳೆದು, ಪ್ರದರ್ಶನದ ಕೋಣೆಗಳಲ್ಲಿ ಕುಳಿತವರಿಗೆ ಹಾಡು ಕೇಳಿಸಿದ. ದೇವತೆಗಳ ಗಾನ ಚರಂಡಿಯ ದಾರಿಯಲ್ಲಿ ಬಂದಿತೆಂದು ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ, ಕಿವಿಗಳಿಗೆ ಬಿಡುವಿರಲಿಲ್ಲ. ಎರಡು ಕಿವಿಗಳಿಗೆ ಎರಡು ಬೇರೆ ಗ್ರಾಹಕಗಳಿಂದ ದನಿ ಬರುತ್ತಿದ್ದುದರಿಂದ, ಹಾಡುವವನು ವೇದಿಕೆಯ ಮೇಲೆ ಎಡದಿಂದ ಬಲಕ್ಕೆ ನಡೆದುದೂ ತಿಳಿಯುತ್ತಿತ್ತು. ಸ್ಟೀರಿಯೊ ಎಂದು ನಾವು ಈಗ ಯಾವುದನ್ನು ಕರೆಯುತ್ತೇವೆಯೋ ಅದರ ರುಚಿಯನ್ನು ಪ್ಯಾರಿಸಿನ ಜನ ಆಗಲೇ ಕಂಡರು. ಮುದುಕನಾಗಿದ್ದ ವಿಕ್ಟರ್ ಹ್ಯೂಗೊ ಆ ವರ್ಷದ ನವೆಂಬರಿನಲ್ಲಿ ಮನೆಯ ಮಕ್ಕಳೊಂದಿಗೆ ಇದನ್ನು ಕೇಳಿ ಸಂತೋಷಪಟ್ಟು ಬರೆದಿಟ್ಟಿದ್ದಾನೆ.

1890ರಲ್ಲಿ ಇದೇ ಒಂದು ವ್ಯಾಪಾರಿ ಸಂಸ್ಥೆಯಾಯಿತು. ಹೆಸರು ತೇಆತ್ರೋಫೋನ್. ಹೋಟೆಲುಗಳಲ್ಲಿ, ಕಾಫಿಯಂಗಡಿಗಳಲ್ಲಿ ಪೆಟ್ಟಿಗೆಗಳನ್ನಿಟ್ಟರು. 50 ಸಾಂತೀಮ್ ಹಾಕಿದರೆ ಐದು ನಿಮಿಷ, ಒಂದು ಫ್ರಾಂಕಿಗೆ ಹತ್ತು ನಿಮಿಷ. ಚಂದಾ ಕೊಟ್ಟವರಿಗೆ ಮನೆಗೇ ತಂತಿ ಎಳೆದು ಕೊಡುತ್ತಿದ್ದರು. ಹಾಗೆ ಎಳೆಸಿಕೊಂಡವರಲ್ಲಿ ಮಾರ್ಸೆಲ್ ಪ್ರೂಸ್ತ್ ಒಬ್ಬ. ಉಬ್ಬಸದ ರೋಗಿ, ಮಲಗುವ ಕೋಣೆಯೇ ಅವನ ಪ್ರಪಂಚ. 1911ರಲ್ಲಿ ಅವನು ಹಾಸಿಗೆಯ ಮೇಲಿದ್ದುಕೊಂಡೇ ವಾಗ್ನರನ ಮತ್ತು ಡೆಬ್ಯುಸಿಯ ಒಪೆರಾಗಳನ್ನು ಕೇಳಿದ. ಯಂತ್ರದಲ್ಲಿ ಸರಿಯಾಗಿ ಕೇಳಿಸುವುದಿಲ್ಲವೆಂದು ಸ್ನೇಹಿತನಿಗೆ ಕಾಗದ ಬರೆದ. ಆದರೆ ವಾಗ್ನರನ ಒಪೆರಾಗಳು ತನಗೆ ಹೆಚ್ಚುಕಡಮೆ ಬಾಯಿಪಾಠವಾಗಿರುವುದರಿಂದ, ಯಂತ್ರ ನುಂಗಿದುದನ್ನು ತಾನೇ ತುಂಬಿಕೊಳ್ಳುತ್ತೇನೆಂದೂ ಬರೆದ.

ನನ್ನ ಮಟ್ಟಿಗೆ ಈ ಚರ್ಚೆಯ ತಿರುಳು ಇರುವುದು ಪ್ರೂಸ್ತನ ಈ ಕಾಗದದಲ್ಲಿ. ಬಲ್ಲವನಿಗೆ ಕೆಟ್ಟ ಯಂತ್ರವೂ ಸಾಕು. ಹಾಗಾದರೆ ಒಳ್ಳೆಯ ಯಂತ್ರ ಯಾರಿಗೆ ಬೇಕು? ಇನ್ನೂ ಬಲ್ಲವನಾಗದವನಿಗೆ, ಮೊದಲ ಸಲ ಕೇಳುವವನಿಗೆ ಎನ್ನಬೇಕಾಗುತ್ತದೆ. ತಂಬೂರಿಯ ನಾದ ಹೇಗೆ ಸುಳಿಸುಳಿಯಾಗಿ ಬಿಚ್ಚಿಕೊಳ್ಳುತ್ತದೆಂಬುದನ್ನು ಒಂದು ಸಲವಾದರೂ ತುಂಬಾ ಕೇಳಿದವನು, ಆಮೇಲೆ ಮುರುಕಲು ರೇಡಿಯೊದಲ್ಲಿಯೂ ಅದನ್ನು ಗುರುತಿಸಬಲ್ಲ. ಕೇಳಿಯೇ ಇಲ್ಲದವನಿಗೆ ಅದು ಬರಿಯ ಜುಂಯೆನ್ನುವ ಸದ್ದು. ಲೋಕದ ವಿಚಿತ್ರವೆಂದರೆ, ಒಳ್ಳೆಯ ಯಂತ್ರ ಹೊಸಬನಿಗೆ ಬೇಕು, ಕೊಳ್ಳುವವನು ಮಾತ್ರ ಹಳಬ. ತೇಆತ್ರೋಫೋನು 1932ರ ತನಕ ನಡೆದು ರೇಡಿಯೊದ ಹೊಡೆತಕ್ಕೆ ಸಿಕ್ಕಿ ಮುಚ್ಚಿತು. ಪುಕ್ಕಟೆ ಬರುವುದರೆದುರು ಚಂದಾ ಎಷ್ಟು ದಿನ ನಿಂತೀತು!

ಇನ್ನು, ಪುಕ್ಕಟೆ ಕೇಳಿಸುತ್ತೇನೆಂದು ಕರೆಯುವವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕೆಂಬುದಕ್ಕೂ ಇತಿಹಾಸದಲ್ಲಿ ಆಧಾರವಿದೆ. 1915ರಿಂದ ಹತ್ತು ವರ್ಷ ಎಡಿಸನ್ನನ ಕಂಪೆನಿ ಅಮೆರಿಕದಲ್ಲಿ ಸಾವಿರಾರು 'ನಾದಪರೀಕ್ಷೆ'ಗಳನ್ನು ನಡೆಸಿತು. ಪ್ರವೇಶಕ್ಕೆ ಹಣವಿಲ್ಲ, ಅಂಗಡಿಯವರೇ ಆಹ್ವಾನ ಕೊಡುತ್ತಿದ್ದರು. ವೇದಿಕೆಯ ಮೇಲೆ ಒಂದು ಗಾಯಕಿ, ಪಕ್ಕದಲ್ಲಿ ಯಂತ್ರ. ಇಬ್ಬರೂ ಕೂಡಿ ಹಾಡುತ್ತಿರುವಂತೆಯೇ ಗಾಯಕಿ ತಟ್ಟನೆ ಬಾಯಿ ಮುಚ್ಚುವಳು, ಹಾಡು ಮುಂದುವರಿಯುವುದು. ಕೆಲವು ಕಡೆ ದೀಪ ಆರಿಸುವರು. ಮತ್ತೆ ಹಚ್ಚುವಾಗ ಗಾಯಕಿ ವೇದಿಕೆಯ ಮೇಲೇ ಇಲ್ಲ! ಸಭೆ ಬೆರಗಾಗುತ್ತಿತ್ತು. ಆ ಸಾಲಿನ ಯಂತ್ರಗಳಲ್ಲಿ ಒಂದರ ಬೆಲೆ 250 ಡಾಲರು. ಅದೇ ಕಾಲದಲ್ಲಿ ಫೋರ್ಡಿನ ಟಿ ಮಾದರಿಯ ಮೋಟಾರುಕಾರೇ ನಾನೂರು ಡಾಲರಿನೊಳಗೆ ಸಿಕ್ಕುತ್ತಿತ್ತು. ಹೀಗೆ ಹಾಡಿದವರಲ್ಲಿ ಆನ್ನಾ ಕೇಸ್ ಹೆಸರಾದವಳು. 1972ರಲ್ಲಿ, ಮುದುಕಿಯಾದ ಮೇಲೆ, ಆಕೆ ಒಳಗುಟ್ಟನ್ನು ಬಿಟ್ಟುಕೊಟ್ಟಳು: ಯಂತ್ರಕ್ಕೆ ಹೊಂದುವಂತೆ ತನ್ನ ಕಂಠವನ್ನೇ ತಗ್ಗಿಸಿ, ಅದರ ಗುಣವನ್ನೇ ಅನುಕರಿಸಿ ಹಾಡುತ್ತಿದ್ದಳಂತೆ. ಯಂತ್ರ ಮನುಷ್ಯಳಂತೆ ಹಾಡಿತೆಂದು ಜನ ಚಪ್ಪಾಳೆ ತಟ್ಟಿದರು. ನಡೆದುದು ಮನುಷ್ಯಳು ಯಂತ್ರದಂತೆ ಹಾಡಿದುದು. ಅಂಗಡಿಯವನು ಪುಕ್ಕಟೆ ಕೇಳಿಸುವಾಗ ಯಾವ ಹಾಡನ್ನು ಆರಿಸುತ್ತಾನೆ, ಯಾವುದನ್ನು ಬಿಡುತ್ತಾನೆ ಎಂಬುದನ್ನು ಗಮನಿಸುವುದಕ್ಕೆ ಇಷ್ಟು ಸಾಕು.

ಇದಕ್ಕೆ ತದ್ವಿರುದ್ಧವಾಗಿ, ಹಣ ತೆಗೆದುಕೊಂಡು ಪ್ರಾಮಾಣಿಕವಾಗಿ ಕೇಳಿಸಿದವನೊಬ್ಬ ಇಂಗ್ಲೆಂಡಿನಲ್ಲಿದ್ದ. ಗಿಲ್ಬರ್ಟ್ ಬ್ರಿಗ್ಸ್ ಯಾರ್ಕ್‌ಷೈರಿನವನು, ಮೊದಲು ಬಟ್ಟೆಯ ವ್ಯಾಪಾರದಲ್ಲಿದ್ದವನು. ನಡುವಯಸ್ಸಿನಲ್ಲಿ, 1932ರಲ್ಲಿ, ತನ್ನ ಮನೆಯ ನೆಲಮಾಳಿಗೆಯಲ್ಲಿ ಲೌಡ್‌ಸ್ಪೀಕರುಗಳನ್ನು ಮಾಡತೊಡಗಿದ. ವಾರ್ಫ್‌ಡೇಲ್ ಎಂಬ ಹೆಸರು ಹಾಗೆ ಹುಟ್ಟಿತು. 1948ರಲ್ಲಿ ಲೌಡ್‌ಸ್ಪೀಕರುಗಳ ವಿಷಯವಾಗಿ ಸಾಮಾನ್ಯರಿಗೆ ತಿಳಿಯುವಂತೆ ಒಂದು ಪುಸ್ತಕ ಬರೆದ. ಊರೂರಿನಲ್ಲಿ ಉಪನ್ಯಾಸ ಮಾಡಿದ. 1954ರ ನವೆಂಬರ್ 1ರಂದು, ಅರವತ್ತು ದಾಟಿದ ಈ ಮನುಷ್ಯ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲನ್ನೇ ಬಾಡಿಗೆಗೆ ಹಿಡಿದು, ಟಿಕೆಟು ಇಟ್ಟು, ಧ್ವನಿಯಂತ್ರಗಳ ಕಚೇರಿ ಮಾಡಿದ. ಕ್ವಾಡ್ ಆಂಪ್ಲಿಫೈಯರುಗಳ ತಯಾರಕ ಪೀಟರ್ ವಾಕರ್ ಜೊತೆಗೆ ನಿಂತ. ಮೂರು ಸಾವಿರ ಜನ ಹಿಡಿಸುವ ಸಭಾಂಗಣಕ್ಕೆ ತಂದುದು ಮನೆಯಲ್ಲಿ ಬಳಸುವ ವರ್ಗದ ಸಲಕರಣೆಗಳನ್ನೇ. ಕ್ವಾಡಿನ ಆಗಿನ ಹೊಸ ಮಾದರಿಯ ಶಕ್ತಿ ಹದಿನೈದು ವ್ಯಾಟು. ಈಗ ನಮ್ಮ ಬೀದಿಯ ಗಣೇಶೋತ್ಸವದವರು ಅಷ್ಟನ್ನು ಲೆಕ್ಕಕ್ಕೇ ಇಡುವುದಿಲ್ಲ! ಟಿಕೆಟುಗಳೆಲ್ಲ ಮಾರಿಹೋದುವು. ಮರುವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿಯೂ ಇದೇ ನಡೆಯಿತು.

ಬ್ರಿಗ್ಸನ ವಿಶೇಷವೆಂದರೆ ಅವನು ನಿಜವಾದ ವಾದ್ಯಗಾರರನ್ನು ಕರೆತಂದು ವೇದಿಕೆಯ ಮೇಲೆ ಕೂರಿಸುತ್ತಿದ್ದ. ಅವರು ಒಮ್ಮೆ ನುಡಿಸುವುದು. ಅವರದೇ ಮುದ್ರಿಕೆಯನ್ನು ಯಂತ್ರ ಒಮ್ಮೆ ನುಡಿಸುವುದು. ದೀಪ ಆರಿಸುವ ಕಣ್ಕಟ್ಟಿಲ್ಲ. ಎರಡನ್ನೂ ಕೇಳಿದವನು ತಾನೇ ತೂಗಿ ನೋಡಿಕೊಳ್ಳಬಹುದು. ಚಿನ್ನದಂಗಡಿಯಲ್ಲಿ ಒರೆಗಲ್ಲನ್ನು ಗಿರಾಕಿಯ ಕೈಗೇ ಕೊಟ್ಟಂತೆ. ಯಂತ್ರ ಕೇಳುವುದಕ್ಕೆ ಹಣ ಕೊಡುವುದು ಎಲ್ಲಿಯಾದರೂ ನ್ಯಾಯವಾಗಿದ್ದರೆ ಅದು ಇಲ್ಲಿ. ಕೊಟ್ಟ ಹಣದಲ್ಲಿ ವಾದ್ಯಗಾರನಿಗೂ ಪಾಲುಂಟು, ಕೇಳಿದವನ ಕಿವಿಗೂ ಶಿಕ್ಷಣವುಂಟು. ಈಚಿನ ಶ್ರೀಮಂತ ಧ್ವನಿಕೋಣೆಗಳ ಮೇಲೆ ನನಗಿರುವ ಮುಖ್ಯ ಆಕ್ಷೇಪಣೆ ಬೆಲೆಯದಲ್ಲ. ಅಲ್ಲಿ ಒರೆಗಲ್ಲೇ ಇರುವುದಿಲ್ಲ. ಒಂದು ಯಂತ್ರವನ್ನು ಇನ್ನೊಂದು ಯಂತ್ರದೊಡನೆ ಹೋಲಿಸುತ್ತಾರೆ. ಎರಡು ಪಟಗಳನ್ನು ಹೋಲಿಸಿ ಮದುವಣಗಿತ್ತಿಯ ರೂಪನ್ನು ಹೇಳಿದ ಹಾಗಾಯಿತು.

ಆದರೆ ಪ್ರತಿಸಂಜೆಯೂ ವಾದ್ಯಗಾರರನ್ನು ಕರೆತರುವುದು ಯಾರಿಂದಾದೀತು? ವಾದ್ಯಗಾರರೇ ಬಾರದ ದೂರದ ನಾಡುಗಳಿದ್ದುವು. ಜಪಾನಿನವರು ಇದಕ್ಕೆ ತಮ್ಮದೇ ಒಂದು ದಾರಿ ಕಂಡುಕೊಂಡರು. ಯೂರೋಪಿನ ಸಂಗೀತಕ್ಕೆ ಮನಸೋತವರು ಅಲ್ಲಿ ಬಹುಮಂದಿ. ಅದನ್ನು ಒಳಗೊಂಡ ತಟ್ಟೆಗಳು ಹಡಗಿನಲ್ಲಿ ಬರಬೇಕು, ಬೆಲೆ ವಿದ್ಯಾರ್ಥಿಯ ಕೈಗೆಟುಕುವಂಥದಲ್ಲ. ಕಾಫಿಯಂಗಡಿಯವರು ತಟ್ಟೆಗಳನ್ನೂ ಒಳ್ಳೆಯ ಯಂತ್ರವನ್ನೂ ಕೊಂಡು ಇಟ್ಟರು. ಒಂದು ಬಟ್ಟಲು ಕಾಫಿಯ ಬೆಲೆಗೆ, ಗಿರಾಕಿ ಕುಳಿತಷ್ಟು ಹೊತ್ತೂ ಕೇಳಬಹುದು. ಟೋಕಿಯೋದ ಶಿಬುಯಾದಲ್ಲಿ ಲಯನ್ ಎಂಬ ಅಂಗಡಿ 1926ರಲ್ಲಿ ಪ್ರಾರಂಭವಾಯಿತು. ಯುದ್ಧದಲ್ಲಿ, 1945ರ ಬಾಂಬುದಾಳಿಯಲ್ಲಿ, ಸುಟ್ಟುಹೋಯಿತು. 1950ರಲ್ಲಿ ಮತ್ತೆ ಕಟ್ಟಿದರು. ಎರಡು ಅಂತಸ್ತಿನ ಎತ್ತರಕ್ಕೆ ನಿಂತ ಮರದ ಧ್ವನಿವರ್ಧಕಗಳು. ಕುರ್ಚಿಗಳೆಲ್ಲ ಅವುಗಳ ಕಡೆಗೇ ಮುಖಮಾಡಿ, ದೇವರ ಮುಂದೆ ಕುಳಿತಂತೆ. ಮಾತನಾಡಬಾರದು. ಮಧ್ಯಾಹ್ನ ಮೂರು ಗಂಟೆಗೆ, ಸಂಜೆ ಏಳು ಗಂಟೆಗೆ ಏನು ಕೇಳಿಸುವರೆಂಬುದನ್ನು ಮೊದಲೇ ಅಚ್ಚು ಹಾಕಿಸಿರುತ್ತಾರೆ.

ಯೊಕೊಹಾಮಾ ಬಂದರಿನ ಚಿಗುಸಾ 1933ರಲ್ಲಿ ಯೊಶಿದಾ ಮಾಮೊರು ತೆರೆದ ಜಾಜ್ ಕಾಫಿಯಂಗಡಿ. ಯುದ್ಧಕಾಲದಲ್ಲಿ ಜಾಜ್ ಶತ್ರುಸಂಗೀತವೆಂದು ನಿಷೇಧಕ್ಕೊಳಗಾಯಿತು. 1945ರಲ್ಲಿ ಅಂಗಡಿಯೂ ತಟ್ಟೆಗಳ ಸಂಗ್ರಹವೂ ಬೆಂಕಿಗೆ ಆಹುತಿಯಾದುವು. ಯುದ್ಧ ಮುಗಿದ ಮೇಲೆ ಯೊಶಿದಾ ಮತ್ತೆ ತೆರೆದ. ಅಲ್ಲಿಗೆ ಬರುತ್ತಿದ್ದವರಲ್ಲಿ ಅಕಿಯೊಶಿ ತೊಶಿಕೊ ಎಂಬ ಹುಡುಗಿ ಒಬ್ಬಳು. ಮಂಚೂರಿಯಾದಿಂದ ಎಲ್ಲವನ್ನೂ ಕಳೆದುಕೊಂಡು ಮರಳಿದ ಕುಟುಂಬದವಳು. ತಟ್ಟೆ ಕೊಳ್ಳುವ ಶಕ್ತಿಯಿಲ್ಲದ ಎಳೆಯ ವಾದ್ಯಗಾರರು ಅಲ್ಲಿ ಕುಳಿತು, ಒಂದೇ ತಟ್ಟೆಯನ್ನು ಮತ್ತೆಮತ್ತೆ ಹಾಕಿಸಿಕೊಂಡು, ಕಿವಿಯಿಂದಲೇ ಸ್ವರ ಬರೆದುಕೊಳ್ಳುತ್ತಿದ್ದರು. ತೊಶಿಕೊ 1956ರಲ್ಲಿ ಅಮೆರಿಕಕ್ಕೆ ಹೋಗಿ ಕಲಿತು, ಮುಂದೆ ತನ್ನದೇ ದೊಡ್ಡ ಜಾಜ್ ಮೇಳ ಕಟ್ಟಿ ಲೋಕಪ್ರಸಿದ್ಧಳಾದಳು. ಒಂದು ಕಾಫಿಯ ಬೆಲೆಗೆ ಇದಕ್ಕಿಂತ ಹೆಚ್ಚಿನ ಪ್ರತಿಫಲವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ನಮ್ಮಲ್ಲಿಯೂ ಇಂಥದು ಇರಲಿಲ್ಲವೆನ್ನುವಂತಿಲ್ಲ. 1952ರಿಂದ ರೇಡಿಯೊ ಸಿಲೋನ್ ಬುಧವಾರದ ಸಂಜೆ ಬಿನಾಕಾ ಗೀತಮಾಲಾ ಪ್ರಸಾರ ಮಾಡುತ್ತಿದ್ದಾಗ, ರೇಡಿಯೊ ಇದ್ದ ಹೋಟೆಲಿಗೆ ಗಿರಾಕಿ ಹೆಚ್ಚು. ಇಬ್ಬರ ನಡುವೆ ಒಂದು ಕಾಫಿ ತರಿಸಿ, ಕೊನೆಯ ಗುಟುಕನ್ನು ಲೋಟದಲ್ಲಿಯೇ ಉಳಿಸಿಕೊಂಡು ಗಂಟೆಯುದ್ದಕ್ಕೂ ಕುಳಿತಿರುತ್ತಿದ್ದೆವೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಲೋಟ ಖಾಲಿಯಾದರೆ ಮಾಣಿ ಬಂದು ನಿಲ್ಲುವನಲ್ಲ! ಜಪಾನಿನವರ ಮೌನ ಮಾತ್ರ ನಮ್ಮ ಹೋಟೆಲಿಗೆ ಬರಲಿಲ್ಲ. ಅಂಥ ಅಂಗಡಿಯಲ್ಲಿ ನಿಜವಾಗಿ ಮಾರಾಟವಾಗುವುದು ಆ ಮೌನವೇ ಎಂದು ನನ್ನ ಅನುಮಾನ. ಮನೆಯಲ್ಲಿ ಎರಡು ಗಂಟೆ ಅಲುಗದೆ ಕುಳಿತು ಕೇಳುವವರು ಎಷ್ಟು ಮಂದಿ? ಕುಕ್ಕರು ಕೂಗುತ್ತದೆ, ಫೋನು ಬರುತ್ತದೆ. ಹಣ ಕೊಟ್ಟು ಒಳಗೆ ಹೋದವನು, ಕೊಟ್ಟೆನಲ್ಲಾ ಎಂಬ ಸಂಕಟಕ್ಕಾದರೂ ಗಮನವಿಟ್ಟು ಕೇಳುತ್ತಾನೆ. ಆದ್ದರಿಂದ ಕಾಫಿಯ ಬೆಲೆಗೋ ಸಿನಿಮಾ ಟಿಕೆಟಿನ ಬೆಲೆಗೋ ಕೇಳಿಸುವವರಿದ್ದರೆ ಒಮ್ಮೆ ಹೋಗಿ ಕೇಳಿ ಬರುವುದು ಸಾರ್ಥಕವೆಂದೇ ನನ್ನ ಮತ. ಬೆಲೆ ಅದನ್ನು ಮೀರಿ ಒಂದು ಕಚೇರಿಯ ಟಿಕೆಟನ್ನೂ ದಾಟಿತೆಂದರೆ, ನನ್ನ ಸಹೋದ್ಯೋಗಿಗಳ ಲೆಕ್ಕವೇ ಸರಿ. ಅಂತರ್ಜಾಲದಲ್ಲಿ ನಾವು ಒಮ್ಮೆ ಹಾಡು ಕೇಳಿದರೆ ಹಾಡಿದವರಿಗೆ ಸೇರುವುದು ಪೈಸೆಗಳ ಲೆಕ್ಕದಲ್ಲಿ. ಹೀಗಿರುವಾಗ ಪೆಟ್ಟಿಗೆಗೆ ಸಾವಿರ ಸುರಿದು ಕಂಠಕ್ಕೆ ಪೈಸೆ ಕೊಡುವುದು ಯಾವ ರಸಿಕತೆ?

ಹಾಗೆಂದು ದೊಡ್ಡ ಯಂತ್ರವಿಟ್ಟುಕೊಂಡವರೆಲ್ಲ ಹಾಡುವವರನ್ನು ಮರೆತರೆನ್ನುವಂತಿಲ್ಲ. ಇದಕ್ಕೆ ಬಹು ದೊಡ್ಡ ಅಪವಾದ ನಮ್ಮ ಮೈಸೂರಿನಲ್ಲಿಯೇ ಇದ್ದಿತು. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು 'ಶ್ರೀವಿದ್ಯಾ' ಅಂಕಿತದ ಕೃತಿಗಳ ಕರ್ತರೆಂದು ನಮಗೆಲ್ಲ ಗೊತ್ತು. ಪಾಶ್ಚಾತ್ಯ ಸಂಗೀತವನ್ನು ಅವರು ಅಷ್ಟೇ ಆಳವಾಗಿ ಬಲ್ಲವರಾಗಿದ್ದರು. 1949ರಲ್ಲಿ ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದ. ಅರಮನೆಯಲ್ಲಿ ತಾನು ಕಂಡುದನ್ನು ಅವನು ಬೆರಗಿನಿಂದ ನೆನೆದಿದ್ದಾನೆ: ಊಹಿಸಬಹುದಾದ ಎಲ್ಲ ಗಂಭೀರ ಸಂಗೀತದ ತಟ್ಟೆಗಳ ಭಂಡಾರ, ಬಗೆಬಗೆಯ ಲೌಡ್‌ಸ್ಪೀಕರುಗಳು, ಹಲವು ದೊಡ್ಡ ಪಿಯಾನೋಗಳು. ತಟ್ಟೆಗಳೇ ಸುಮಾರು ಇಪ್ಪತ್ತು ಸಾವಿರವೆಂದು ಅಂದಾಜು. ಆ ದಿನಗಳಲ್ಲಿ ಲೋಕದ ಯಾವ ಶ್ರೀಮಂತನ ಧ್ವನಿಕೋಣೆಗೂ ಅದು ಕಡಮೆಯಾಗಿರಲಾರದು.

ಆದರೆ ಒಡೆಯರ ಹಣ ಲೌಡ್‌ಸ್ಪೀಕರಿನ ಬಳಿ ನಿಲ್ಲಲಿಲ್ಲ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತರಚನಕಾರ ಲಂಡನ್ನಿನಲ್ಲಿ ವೃದ್ಧನಾಗಿ, ಅನಾರೋಗ್ಯದಿಂದ, ಹೆಚ್ಚು ಜನರಿಗೆ ಬೇಡದವನಾಗಿ ಕಾಲ ಕಳೆಯುತ್ತಿದ್ದ. ಅವನ ಸಂಗೀತ ತಟ್ಟೆಗಳಲ್ಲಿ ಸಿಕ್ಕುವುದು ದುರ್ಲಭವಾಗಿತ್ತು. ಇಲ್ಲದ ತಟ್ಟೆಯನ್ನು ಎಂಥ ಯಂತ್ರವೂ ನುಡಿಸಲಾರದಷ್ಟೆ. ಒಡೆಯರು ಖರ್ಚು ಕೊಟ್ಟು ಮುದ್ರಿಸಿದರು. ಮೆಟ್ನರನೇ ಪಿಯಾನೋ ನುಡಿಸಿದ. ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಕೃತಜ್ಞತೆಯಿಂದ ಅರ್ಪಿಸಿ, 1951ರಲ್ಲಿ ತೀರಿಕೊಂಡ. ಅವನ ಬೆರಳಿನ ದನಿ ಇಂದು ಕೇಳುವಂತಿದ್ದರೆ ಅದಕ್ಕೆ ಮೈಸೂರಿನ ಹಣವೂ ಕಾರಣ. ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ನೆರವು ನೀಡಲೂ ಒಡೆಯರು ಒಪ್ಪಿದರು. ತಮ್ಮ ಕೋಣೆಯಲ್ಲಿ ಕುಳಿತು ಕೇಳುವುದಕ್ಕೆ ಬೇಕಾದ ಸಂಗೀತವನ್ನು ಸಾವಿರಾರು ಮೈಲಿಗಳಾಚೆ ಹೊಟ್ಟೆಗೆ ಅನ್ನ ಹಾಕಿ ಸಾಕಿದರೆನ್ನಬಹುದು. ನಮ್ಮ ಪ್ರಜೆಗಳ ದುಡ್ಡು ಲಂಡನ್ನಿನ ಪಿಟೀಲಿಗೆ ಏಕೆ ಹೋಗಬೇಕಾಗಿತ್ತೆಂದು ಕೇಳುವವರಿದ್ದರೆ, ಆ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹೋದದ್ದು ಮನುಷ್ಯರ ಕೈಗೆ, ಪೆಟ್ಟಿಗೆಗಲ್ಲ ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಅವರ ಧ್ವನಿಭಂಡಾರಕ್ಕೆ ಬಂದ ತಟ್ಟೆಗಳಲ್ಲಿ ಒಂದರ ಕಥೆ ಇನ್ನೂ ಸ್ವಾರಸ್ಯದ್ದು. ಜರ್ಮನಿಯ ರಿಚರ್ಡ್ ಸ್ಟ್ರೌಸ್ 1948ರಲ್ಲಿ, ಸಾವಿನ ಹಿಂದಿನ ವರ್ಷ, ವಾದ್ಯವೃಂದದೊಡನೆ ಹಾಡುವ ಕೆಲವು ಗೀತೆಗಳನ್ನು ರಚಿಸಿದ. ನಾಲ್ಕು ಕೊನೆಯ ಗೀತೆಗಳೆಂದು ಅವು ಪ್ರಸಿದ್ಧ. ಅವುಗಳನ್ನು ಮೊದಲು ಹಾಡಬೇಕೆಂದು ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡಳಿಗೆ ಅವನೇ ಬರೆದಿದ್ದ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಆಕೆ ಹಾಡಿದಳು, ಫಿಲ್‌ಹಾರ್ಮೋನಿಯಾ ನುಡಿಸಿತು, ಫುರ್ಟ್‌ವೆಂಗ್ಲರ್ ನಡೆಸಿದ. ಖರ್ಚಿನ ಹೊಣೆ ಹೊತ್ತವರು ಮೈಸೂರಿನ ಒಡೆಯರು. ಅವರು ಕೇಳಬೇಕೆಂದು ಆ ರಾತ್ರಿಯ ಹಾಡನ್ನು ತಟ್ಟೆಗೆ ಮುದ್ರಿಸಿ ಮೈಸೂರಿಗೆ ಕಳುಹಿಸಿಕೊಡುವ ಏರ್ಪಾಡಾಯಿತು.

ಆ ಮುದ್ರಣ ಉಳಿದು ಬಂದಿದೆ. ನಾನು ಅದನ್ನು ಕೇಳಿದುದು ಮೇಜಿನ ಮೇಲಿಡುವ ಅಗ್ಗದ ಯಂತ್ರವೊಂದರಲ್ಲಿ. ಕರಕರ, ಗರಗರ ತುಂಬಿದ ಮುದ್ರಣ. ಅರಣ್ಯದಲ್ಲಿ ಮಳೆ ಸುರಿಯುತ್ತಿರುವಾಗ ಆಚೆ ದಡದಿಂದ ಯಾರೋ ಹಾಡಿದಂತೆ. ಆದರೂ ಫ್ಲಾಗ್‌ಸ್ಟಾಡಳ ಕಂಠ ಆ ಮಳೆಯನ್ನು ಸೀಳಿಕೊಂಡು ಬರುತ್ತದೆ. ಮೈಸೂರಿನ ಅರಮನೆಯ ದೊಡ್ಡ ಧ್ವನಿವರ್ಧಕಗಳಲ್ಲಿ ಈ ಕರಕರ ಕೇಳಿಸದೆ ಇದ್ದಿರಲಾರದು. ಯಂತ್ರ ಒಳ್ಳೆಯದಾದುದರಿಂದ ಇನ್ನಷ್ಟು ಸ್ಪಷ್ಟವಾಗಿಯೇ ಕೇಳಿಸಿದ್ದೀತು.